ಥಂಡಿ ಊರಿನ ಪಟಾಕಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ದೀಪಾವಳಿ ಹತ್ತಿರ ಬಂದಾಗ ಬಯಲುಸೀಮೆಯವರು ಕೇಳುವುದೇ ಒಂದು, ಮಲೆನಾಡಿನವರು ಕೇಳುವುದೇ ಇನ್ನೊಂದು. ಈ ಸಂಚಿಕೆಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳನ್ನಷ್ಟೇ ತೆಗೆದುಕೊಂಡಿದ್ದೇವೆ. ಇಬ್ಬನಿ, ಇಳಿಜಾರು, ಹುಲ್ಲಿನ ಬಣವೆ ಇವು ಮೂರೂ ಪಟಾಕಿ ಪೊಟ್ಟಣದ ಮೇಲಿನ ಸೂಚನೆಯಲ್ಲಿ ಇರುವುದಿಲ್ಲ. ಪತ್ರಗಳ ತುಂಬ ಇದ್ದದ್ದು ಅವೇ.

ಹೋದ ವರ್ಷ ಉಳಿದ ಪಟಾಕಿ ಅಟ್ಟದ ಮೇಲಿದೆ. ಈ ಸಲದ ಮಳೆಗೆ ಪೊಟ್ಟಣವೆಲ್ಲ ಮೆತ್ತಗಾಗಿದೆ. ಬಿಸಿಲಿಗೋ, ಬಚ್ಚಲೊಲೆಯ ಮೇಲಿನ ಅಟ್ಟಣಿಗೆಗೋ ಇಟ್ಟು ಒಣಗಿಸಿದರೆ ನಡೆಯುತ್ತದೆಯೇ?
– ಓದುಗರು, ಮೂಡಿಗೆರೆ

ನಡೆಯುವುದಿಲ್ಲ. ಟುಸ್ ಎನ್ನುವ ಪಟಾಕಿಗಿಂತ ಒಣಗಿಸಿದ ಪಟಾಕಿ ಅಪಾಯ. ಕಾರಣ ಹೇಳಿದರೆ ನೀವೇ ಒಪ್ಪುತ್ತೀರಿ.

ಹೂಕುಂಡದೊಳಗೆ ಮದ್ದನ್ನು ಒತ್ತಿ ಒತ್ತಿ ಗಟ್ಟಿಯಾಗಿ ತುಂಬಿರುತ್ತಾರೆ. ಬೆಂಕಿ ಮೇಲಿನಿಂದ ಪದರ ಪದರವಾಗಿ ಇಳಿಯಲಿ ಎಂದೇ ಆ ಗಟ್ಟಿತನ. ಥಂಡಿ ಹಿಡಿದಾಗ ಮದ್ದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನ ಸಂದಿಗೆ ಬೆಂಕಿ ನುಗ್ಗಿದರೆ ಅರ್ಧ ನಿಮಿಷ ಉರಿಯಬೇಕಾದ ಮದ್ದು ಒಂದೇ ಏಟಿಗೆ ಉರಿಯುತ್ತದೆ, ಹೂಕುಂಡ ಬಾಂಬಾಗುತ್ತದೆ. ‘ಹೂಕುಂಡ ಸಿಡಿಯಿತು’ ಎಂಬ ದೂರುಗಳ ಹಿಂದೆ ಹಲವು ಸಲ ಇರುವುದು ಇದೇ. ರಾಕೆಟ್ಟಿನದೂ ಇದೇ ಕತೆ, ಅದು ಮೇಲೇರುವ ಬದಲು ನಿಂತಲ್ಲೇ ಒಡೆಯುತ್ತದೆ.

ಎರಡನೆಯದು ಅಲ್ಯೂಮಿನಿಯಂ ಪುಡಿ. ಬೆಳ್ಳನೆ ಬೆಳಕು, ಜೋರು ಸದ್ದು ಬರುವುದು ಅದರಿಂದ. ನೈಟ್ರೇಟ್ ಜೊತೆಗಿರುವ ಅಲ್ಯೂಮಿನಿಯಂ ಪುಡಿಗೆ ನೀರಿನ ಪಸೆ ತಗುಲಿದರೆ ಒಳಗೊಳಗೇ ರಾಸಾಯನಿಕ ಕ್ರಿಯೆ ನಡೆದು ಕಾವು ಹುಟ್ಟುತ್ತದೆ. ಅಂಥದ್ದನ್ನು ಒಲೆಯ ಮೇಲಿನ ಅಟ್ಟಣಿಗೆಗೆ ಇಡುವುದೆಂದರೆ ಮನೆಗೆ ನಾವೇ ಬೆಂಕಿ ಕರೆದಂತೆ. ಕಾಫಿ ಒಣಗಿಸುವ ಡ್ರೈಯರ್ ಹತ್ತಿರ ಇಡಬಹುದೇ ಎಂದೂ ಒಬ್ಬರು ಕೇಳಿದ್ದಾರೆ. ದಯವಿಟ್ಟು ಬೇಡ.

ಹಳೆಯದನ್ನು ಬಿಸಾಡುವುದಕ್ಕೂ ಒಂದು ಕ್ರಮವಿದೆ. ದೊಡ್ಡ ಬಕೆಟ್ಟಿನಲ್ಲಿ ಪೂರ್ತಿ ಮುಳುಗುವಷ್ಟು ನೀರು ತುಂಬಿ, ಮೇಲೊಂದು ಕಲ್ಲು ಹೇರಿ, ಒಂದು ಹಗಲು ಒಂದು ರಾತ್ರಿ ಮನೆಯ ಹೊರಗೆ ನೆನೆಯಲು ಬಿಡಿ. ದಪ್ಪ ಸುತ್ತಿನ ಬಾಂಬುಗಳಿಗೆ ಎರಡು ದಿನ ಬೇಕು. ಬಕೆಟ್ ಮುಚ್ಚಬೇಡಿ. ಆಮೇಲೆ ಒದ್ದೆಯಾಗಿದ್ದಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಸುತ್ತಿ ಕಸದ ಗಾಡಿಯವರಿಗೆ ‘ಇದು ಪಟಾಕಿ’ ಎಂದು ಹೇಳಿ ಕೊಡಿ. ನೆನೆಸಿದ ನೀರನ್ನು ಬಾವಿಯ ಹತ್ತಿರ, ಕೆರೆಗೆ, ದನ ಕುಡಿಯುವ ಕಡೆ ಚೆಲ್ಲಬೇಡಿ.

ಒಂದು ಮಾತು ಮರೆಯುವಂತಿಲ್ಲ. ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆನೀರಿಗೆಂದು ಹಂಡೆ ಕಾಯಿಸುವಾಗ ಅಂಗಳ ಗುಡಿಸಿದ ಕಸ, ಪಟಾಕಿ ಕಾಗದ ಎಲ್ಲವನ್ನೂ ಬಚ್ಚಲೊಲೆಗೆ ತುಂಬುವ ಅಭ್ಯಾಸ ನಮ್ಮ ಕಡೆ ಇದೆ. ಆ ಕಸದಲ್ಲಿ ಒಡೆಯದ ಒಂದೇ ಒಂದು ಪಟಾಕಿ ಇದ್ದರೆ ಸಾಕು, ಒಲೆಯ ಮುಂದೆ ಕೂತು ಸೌದೆ ತಳ್ಳುವವರ ಮುಖಕ್ಕೇ ಸಿಡಿಯುತ್ತದೆ.

ಹೊಸ ಪಟಾಕಿ ಕೂಡ ನಮ್ಮಲ್ಲಿ ಅರ್ಧಕ್ಕರ್ಧ ಹತ್ತುವುದಿಲ್ಲ. ಅಂಗಡಿಯವರ ಮೋಸವೋ, ನಮ್ಮ ತಪ್ಪೋ?
– ಓದುಗರು, ಕೊಟ್ಟಿಗೆಹಾರ

ನಿಮ್ಮೂರಿನ ಹವೆಯದು. ಪಟಾಕಿಯಲ್ಲಿ ಮೊದಲು ಥಂಡಿ ಹಿಡಿಯುವುದು ಬತ್ತಿ. ಸಂಜೆ ಆರಕ್ಕೇ ಎಲ್ಲ ಪೊಟ್ಟಣ ಬಿಚ್ಚಿ ಜಗಲಿಯ ಮೇಲೆ ಹರಡಿದರೆ ಎಂಟರ ಹೊತ್ತಿಗೆ ಇಬ್ಬನಿ ತನ್ನ ಕೆಲಸ ಮುಗಿಸಿರುತ್ತದೆ.

ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ಕೊಳ್ಳಿ. ಪೊಟ್ಟಣ ಒಡೆಯದೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಬಿಗಿದು, ರಟ್ಟಿನ ಡಬ್ಬದಲ್ಲಿಟ್ಟು ಥಂಡಿ ಹಿಡಿಯದ ಕೋಣೆಯ ಬೀರುವಿನ ಮೇಲಿನ ಅಂಕಣದಲ್ಲಿಡಿ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಪಸೆ ಹೀರುವ ಸಿಲಿಕಾ ಜೆಲ್‌ನ ಚಿಕ್ಕ ಪೊಟ್ಟಣಗಳಿದ್ದರೆ ನಾಲ್ಕೈದು ಒಳಗೆ ಹಾಕಿ. ಅಡುಗೆಮನೆ ಬೇಡ, ದೇವರಮನೆ ಬೇಡ, ಪಂಪ್‌ಸೆಟ್ಟಿನ ಡೀಸೆಲ್ ಅಥವಾ ಕಳೆ ಕತ್ತರಿಸುವ ಯಂತ್ರದ ಪೆಟ್ರೋಲ್ ಇಡುವ ಕೋಣೆಯಂತೂ ಬೇಡವೇ ಬೇಡ. ಹಚ್ಚುವ ಹೊತ್ತಿಗೆ ಹತ್ತು ಹತ್ತು ನಿಮಿಷಕ್ಕೆ ಬೇಕಾದಷ್ಟನ್ನೇ ಹೊರಗೆ ತನ್ನಿ, ಡಬ್ಬವನ್ನು ಪ್ರತಿ ಸಲ ಮುಚ್ಚಿ. ಬಯಲಲ್ಲಿ ಕಿಡಿ ಬಿದ್ದು ಡಬ್ಬಕ್ಕೇ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದರಿಂದ ತಪ್ಪುತ್ತದೆ.

ಹತ್ತದ ಬತ್ತಿಯನ್ನು ಉಗುರಿನಿಂದ ಕೆರೆದು, ಮದ್ದು ಹೊರಗೆಳೆದು ಹಚ್ಚುವ ಚಾಳಿ ಬಿಡಿ. ಬತ್ತಿಯ ಉದ್ದವೇ ನಿಮಗೆ ಓಡಲು ಸಿಗುವ ಸಮಯ. ಅದನ್ನು ಮೊಟಕು ಮಾಡಿದರೆ ಸಮಯವೂ ಮೊಟಕಾಗುತ್ತದೆ.

ಹಸಿರು ಪಟಾಕಿ ಎಂದರೆ ಹಸಿರು ಬಣ್ಣದ ಬೆಳಕು ಬರುವುದೇ? ಅಂಗಡಿಯಲ್ಲಿ ಗುರುತಿಸುವುದು ಹೇಗೆ?
– ಓದುಗರು, ಹಾಸನ

ಅಲ್ಲ, ಮಾಲಿನ್ಯ ಕಡಿಮೆ ಮಾಡುವ ಪಟಾಕಿ ಎಂದು ಅರ್ಥ. ತಮಾಷೆಯೆಂದರೆ, ಹಸಿರು ಬೆಳಕಿಗೆ ಹಿಂದಿನಿಂದ ಬಳಸುತ್ತ ಬಂದದ್ದು ಬೇರಿಯಂ ಲವಣ. ಸುಪ್ರೀಂ ಕೋರ್ಟ್ ಪಟಾಕಿಯಲ್ಲಿ ಬಳಸಬಾರದೆಂದು ಹೇಳಿದ್ದೂ ಅದನ್ನೇ. ಕೆಂಪಿಗೆ ಸ್ಟ್ರಾಂಶಿಯಂ, ಹಳದಿಗೆ ಸೋಡಿಯಂ, ನೀಲಿಗೆ ತಾಮ್ರ.

ಹಸಿರು ಪಟಾಕಿಯ ಸೂತ್ರಗಳನ್ನು ರೂಪಿಸಿದ್ದು ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ನೀರಿ ಮತ್ತು ಅದರ ಮಾತೃಸಂಸ್ಥೆಯಾದ ಸಿಎಸ್‌ಐಆರ್‌ನ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಇತರ ಪ್ರಯೋಗಾಲಯಗಳು. ಮೂರು ಬಗೆ: ಉರಿಯುವಾಗ ನೀರಾವಿ ಬಿಟ್ಟು ದೂಳನ್ನು ತಗ್ಗಿಸುವ ‘ಸ್ವಾಸ್’, ಪೊಟ್ಯಾಸಿಯಂ ನೈಟ್ರೇಟ್ ಮತ್ತು ಗಂಧಕ ಇಲ್ಲದ ‘ಸ್ಟಾರ್’, ಅಲ್ಯೂಮಿನಿಯಂ ಕಡಿಮೆ ಮಾಡಿ ಮೆಗ್ನೀಸಿಯಂ ಬಳಸಿದ ‘ಸಫಲ್’. ಪೊಟ್ಟಣದ ಮೇಲೆ ನೀರಿ–ಸಿಎಸ್‌ಐಆರ್‌ನ ಹಸಿರು ಮುದ್ರೆ, ಜೊತೆಗೆ ಕ್ಯೂಆರ್ ಕೋಡ್ ಇರಬೇಕು. ಮುದ್ರೆಯನ್ನು ಯಾರೂ ಅಚ್ಚು ಹಾಕಬಹುದು, ಆದ್ದರಿಂದ ಅಂಗಡಿಯಲ್ಲೇ ಮೊಬೈಲಿನಿಂದ ಕೋಡ್ ಸ್ಕ್ಯಾನ್ ಮಾಡಿ. ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಇಲ್ಲದ ಪೊಟ್ಟಣ ಎಷ್ಟು ಅಗ್ಗವಾದರೂ ಬೇಡ.

ಹಸಿರು ಎಂದೊಡನೆ ಹೊಗೆಯೇ ಇಲ್ಲ ಎಂದುಕೊಳ್ಳಬೇಡಿ. ದೂಳಿನ ಕಣ ಸುಮಾರು ಶೇ. 30ರಷ್ಟು ಕಡಿಮೆ, ಅಷ್ಟೇ. ಮಿಕ್ಕ ಶೇ. 70 ಇದ್ದೇ ಇದೆ.

ಸುಪ್ರೀಂ ಕೋರ್ಟಿನ 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ಸರಪಟಾಕಿಗೂ ನಿಷೇಧವಿದೆ. ದೀಪಾವಳಿಯಂಥ ಹಬ್ಬಗಳಲ್ಲಿ ಹಚ್ಚುವ ಸಮಯ ರಾತ್ರಿ 8ರಿಂದ 10. ಸದ್ದಿನ ಮಿತಿ, ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್. ಜಿಲ್ಲಾಡಳಿತ ಇದರ ಮೇಲೆ ಇನ್ನೂ ಬಿಗಿ ಆದೇಶ ಹೊರಡಿಸಬಹುದು, ಹಬ್ಬದ ವಾರದ ಪತ್ರಿಕೆ ನೋಡಿ.

ನಮ್ಮದು ತೋಟದ ನಡುವಿನ ಮನೆ. ಹಿಂದೆ ದರೆ, ಮುಂದೆ ಇಳಿಜಾರು, ಎಡಕ್ಕೆ ಕೊಟ್ಟಿಗೆ ಮತ್ತು ಬಣವೆ. ಹಬ್ಬಕ್ಕೆ ಬೆಂಗಳೂರಿನಿಂದ ಮಕ್ಕಳು ಬರುತ್ತಾರೆ. ರಾಕೆಟ್, ಹೂಕುಂಡ ಎಲ್ಲಿಟ್ಟು ಹಚ್ಚಬೇಕು?
– ಓದುಗರು, ಸಕಲೇಶಪುರ

ಜಾಗ ಹುಡುಕುವ ಮೊದಲು ಗಾಳಿ ನೋಡಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಗುಡ್ಡದ ಮೈ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ತಂಪು ಗಾಳಿ ಭಾರವಾಗಿ ನೀರಿನ ಹಾಗೆ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ. ಕಿಡಿ, ಹೊಗೆ ಎರಡೂ ಅದರ ಜೊತೆ ಇಳಿಯುತ್ತವೆ. ಹಚ್ಚುವ ಹೊತ್ತಿಗೆ ಒಂದು ಊದುಬತ್ತಿ ಹಿಡಿದು ನಿಂತರೆ ಎರಡು ನಿಮಿಷದಲ್ಲಿ ಹೊಗೆ ಯಾವ ಕಡೆ ವಾಲುತ್ತದೆಂದು ತಿಳಿಯುತ್ತದೆ. ಹೊಗೆ ವಾಲುವ ಕಡೆ ಬಣವೆ, ಟಾರ್ಪಾಲ್, ತೋಟದ ಕೆಲಸಗಾರರ ಲೈನ್ ಮನೆಗಳು ಇರಬಾರದು. ನೋಡುವವರು ಗಾಳಿ ಬರುವ ಕಡೆ, ಅಂದರೆ ಸಾಮಾನ್ಯವಾಗಿ ಮೇಲುಗಡೆ ನಿಲ್ಲಬೇಕು.

ಎಲ್ಲಕ್ಕಿಂತ ಒಳ್ಳೆಯ ಜಾಗ ನಿಮ್ಮ ಕಾಫಿ ಕಣ. ಸಿಮೆಂಟಿನದು, ಸಮತಟ್ಟು, ಸುತ್ತ ಬಯಲು. ಅರೇಬಿಕಾ ಕೊಯ್ಲು ಬೇಗ ಶುರುವಾಗಿ ಕಣದಲ್ಲಿ ಹಣ್ಣು ಹರಡಿದ್ದರೆ ಮಾತ್ರ ಅದನ್ನು ಬಿಡಿ. ಮದ್ದಿನ ಬೂದಿ ಬಿದ್ದ ಕಾಫಿಯನ್ನು ಯಾರು ಕೊಳ್ಳುತ್ತಾರೆ? ಕಣದ ಅಂಚಿನ ದರಗು ಗುಡಿಸಿ. ಸಿಲ್ವರ್ ಓಕ್ ಎಲೆಯ ದರಗು ಮೇಲೆ ಇಬ್ಬನಿಯಿಂದ ಒದ್ದೆ ಕಂಡರೂ ಅಡಿಯಲ್ಲಿ ಒಣಗಿಯೇ ಇರುತ್ತದೆ.

ಹೂಕುಂಡವನ್ನು ಮಣ್ಣಿನ ಮೇಲೆ ನೇರವಾಗಿ ಇಡಬೇಡಿ. ನೆನೆದ ಮಣ್ಣು ಕುಸಿದರೆ ಕುಂಡ ವಾಲುತ್ತದೆ, ವಾಲಿದರೆ ಉರಿ ಮಕ್ಕಳ ಮೊಣಕಾಲಿನ ಎತ್ತರಕ್ಕೆ ಬರುತ್ತದೆ. ಹಳೆಯ ಕಬ್ಬಿಣದ ಬಾಣಲೆಗೆ ನಾಲ್ಕು ಬೆರಳು ಮರಳು ತುಂಬಿ, ಕುಂಡದ ಬುಡವನ್ನು ಒಂದು ಬೆರಳು ಹೂತಿಡಿ. ಭೂಚಕ್ರಕ್ಕೆ ನುಣುಪು ನೆಲ ಬೇಕು. ಒರಟು ನೆಲದಲ್ಲಿ ಅದು ಸುತ್ತುವುದು ಬಿಟ್ಟು ಓಡುತ್ತದೆ, ಇಳಿಜಾರಿದ್ದರಂತೂ ಎಲ್ಲರೂ ಅದರ ಮುಂದೆ ಓಡಬೇಕು. ಹಚ್ಚುವಾಗ ತೋಳುದ್ದದ ಊದುಬತ್ತಿ ಅಥವಾ ಉದ್ದ ಸುರ್‌ಸುರ್ ಬತ್ತಿ ಬಳಸಿ, ಪಕ್ಕದಿಂದ ಬಾಗಿ, ತಲೆಯನ್ನು ಕುಂಡದ ಮೇಲೆ ತರದೆ ಹಚ್ಚಿ. ಹೂಕುಂಡಕ್ಕೆ ಏಳೆಂಟು ಹೆಜ್ಜೆ, ಬಾಂಬಿಗೆ ಹದಿನೈದು ಹೆಜ್ಜೆ ದೂರ ಇರಲಿ.

ರಾಕೆಟ್ಟಿಗೆ ಬಾಟಲಿ ಇಡುವುದು ಎಲ್ಲರ ರೂಢಿ. ಇಳಿಜಾರಿನಲ್ಲಿ ಖಾಲಿ ಬಾಟಲಿ ಉರುಳುತ್ತದೆ, ರಾಕೆಟ್ ಜನರ ನಡುವೆ ನುಗ್ಗುತ್ತದೆ. ಎರಡು ಅಡಿ ಉದ್ದದ ಪಿವಿಸಿ ಪೈಪನ್ನು ಒಂದು ಅಡಿ ನೆಲದಲ್ಲಿ ಹೂತು, ಸುತ್ತ ಕಲ್ಲು ಬಡಿದು ಗಟ್ಟಿ ಮಾಡಿ, ನೆಟ್ಟಗೆ ನಿಲ್ಲಿಸಿ. ಕಡ್ಡಿ ಅದರೊಳಗೆ ಸಲೀಸಾಗಿ ಜಾರಬೇಕು. ಕಡ್ಡಿಯನ್ನೇ ಮಣ್ಣಿಗೆ ಚುಚ್ಚಿದರೆ ಅದು ಏಳದೆ ಅಲ್ಲೇ ಸಿಡಿಯುತ್ತದೆ. ಕಡ್ಡಿ ಮುರಿದಿದ್ದರೆ, ಡೊಂಕಾಗಿದ್ದರೆ ಹಚ್ಚಬೇಡಿ, ರಾಕೆಟ್ ನೇರ ಹೋಗುವುದು ಆ ಕಡ್ಡಿಯ ಭಾರದಿಂದಲೇ.

ಇಷ್ಟು ಹೇಳಿದ ಮೇಲೆ ನಮ್ಮ ಅಭಿಪ್ರಾಯ: ನೀವು ಬರೆದಂಥ ಜಾಗದಲ್ಲಿ ರಾಕೆಟ್ ಬೇಡ. ಅದು ಬೀಳುವ ಜಾಗ ನಿಮ್ಮ ಕೈಯಲ್ಲಿಲ್ಲ. ವರ್ಷವಿಡೀ ದನಕ್ಕೆಂದು ಕೂಡಿಟ್ಟ ಹುಲ್ಲು ಒಂದು ಕಿಡಿಗೆ ಹೋಗುತ್ತದೆ. ಯಾವುದನ್ನು ಹಚ್ಚಿದರೂ ಎರಡು ಬಕೆಟ್ ನೀರು, ನೆನೆಸಿದ ಎರಡು ಗೋಣಿಚೀಲ, ನಲ್ಲಿಗೆ ಜೋಡಿಸಿದ ಪೈಪು ಸಿದ್ಧವಿರಲಿ. ಪೈಪಿನಲ್ಲಿ ನೀರು ಬರುತ್ತದೆಯೇ ಎಂದು ಸಂಜೆಯೇ ತಿರುಗಿಸಿ ನೋಡಿ. ಕರೆಂಟು ಹೋದರೆ ಮೋಟರಿನ ನೀರು ಬರುವುದಿಲ್ಲ ಎಂಬುದು ಬೆಂಕಿ ಬಿದ್ದ ಮೇಲೆ ನೆನಪಾಗಬಾರದು.

ಚಳಿಗೆ ಮಕ್ಕಳಿಗೆ ಜಾಕೆಟ್ ಹಾಕಿಸಿಯೇ ಸುರ್‌ಸುರ್ ಬತ್ತಿ ಕೊಡುತ್ತೇವೆ. ಹತ್ತಿ ಬಟ್ಟೆಯೇ ಬೇಕೆನ್ನುತ್ತಾರಲ್ಲ, ಚಳಿಗೆ ಏನು ಮಾಡುವುದು?
– ಗೃಹಿಣಿ, ಚಿಕ್ಕಮಗಳೂರು

ಒಳ್ಳೆಯ ಪ್ರಶ್ನೆ. ‘ಹತ್ತಿ ಬಟ್ಟೆ ಹಾಕಿ’ ಎಂಬ ಸಲಹೆ ಬರೆಯುವವರಿಗೆ ನವೆಂಬರಿನ ಚಿಕ್ಕಮಗಳೂರಿನ ಚಳಿ ಗೊತ್ತಿರುವುದಿಲ್ಲ. ನೈಲಾನ್ ಜಾಕೆಟ್, ಪಾಲಿಯೆಸ್ಟರ್ ಫ್ಲೀಸ್, ಆಕ್ರಿಲಿಕ್ ಸ್ವೆಟರ್ ಇವು ಕಿಡಿಗೆ ಕರಗಿ ಮೈಗೆ ಅಂಟುತ್ತವೆ. ಅಂಥ ಗಾಯವೇ ಕಷ್ಟದ್ದು. ಅಪ್ಪಟ ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಒಳಗೆ ಎರಡು ಹತ್ತಿ ಬನಿಯನ್ನು, ಮೇಲೆ ಉಣ್ಣೆ ಸ್ವೆಟರ್ ಅಥವಾ ದಪ್ಪ ಜೀನ್ಸ್ ಅಂಗಿ, ಕಾಲಿಗೆ ಮುಚ್ಚಿದ ಶೂ. ಮಫ್ಲರ್, ದುಪಟ್ಟ, ಶಾಲಿನ ನೇತಾಡುವ ತುದಿ ಇರಬಾರದು. ಶಾಲು ಹೊದ್ದ ಅಜ್ಜಿ ಜಗಲಿಯ ಮೇಲೆಯೇ ಕೂತು ನೋಡಲಿ.

ಸುರ್‌ಸುರ್ ಬತ್ತಿಯನ್ನು ಯಾರೂ ಪಟಾಕಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದರ ತುದಿಯ ಕಾವು ಸಾವಿರ ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಐದು ವರ್ಷದೊಳಗಿನ ಮಗುವಿನ ಕೈಗೆ ಕೊಡಬೇಡಿ, ಎತ್ತಿಕೊಂಡ ಮಗುವಿನ ಕೈಗಂತೂ ಬೇಡ, ಕಿಡಿ ಇಬ್ಬರ ಮುಖಕ್ಕೂ ಹತ್ತಿರ. ದೊಡ್ಡ ಮಕ್ಕಳಿಗೆ ಒಂದು ಸಲಕ್ಕೆ ಒಂದೇ ಬತ್ತಿ, ತೋಳು ಪೂರ್ತಿ ಚಾಚಿ, ತುದಿ ಸ್ವಲ್ಪ ಕೆಳಗೆ, ಒಬ್ಬರಿಂದೊಬ್ಬರಿಗೆ ಎರಡು ಮಾರು ದೂರ. ಒಬ್ಬರ ಬತ್ತಿಯಿಂದ ಇನ್ನೊಬ್ಬರ ಬತ್ತಿ ಹಚ್ಚಿಕೊಳ್ಳಲು ಬಿಡಬೇಡಿ, ಮುಖಗಳು ಹತ್ತಿರ ಬರುವುದು ಆಗಲೇ. ನೆಲದಲ್ಲಿ ಒಂದು ಹಣತೆ ಇಟ್ಟು ಅದರಿಂದ ಹಚ್ಚಲಿ.

ಉರಿದು ಮುಗಿದ ತಂತಿ ಕಪ್ಪಗೆ ಕಂಡರೂ ಕೆಲವು ನಿಮಿಷ ಸುಡುತ್ತದೆ. ಸುಟ್ಟ ಪಾದಗಳಿಗೆ ಹೆಚ್ಚಾಗಿ ಕಾರಣ ಅಂಗಳದಲ್ಲಿ ಎಸೆದ ಈ ತಂತಿಗಳೇ. ಮರಳು ಅಥವಾ ನೀರು ತುಂಬಿದ ಬಕೆಟ್ ಒಂದನ್ನು ಅದಕ್ಕೆಂದೇ ಇಡಿ. ತಂತಿ ಹಾಕಿದವರಿಗೇ ಮುಂದಿನ ಬತ್ತಿ ಎಂದು ಹೇಳಿದರೆ ಮಕ್ಕಳು ತಾವೇ ನಿಯಮ ಪಾಲಿಸುತ್ತಾರೆ.

ಮನೆಯಲ್ಲಿ ಆರು ಜನ ದೊಡ್ಡವರು, ನಾಲ್ಕು ಮಕ್ಕಳು. ಎಷ್ಟು ಕೊಂಡರೆ ಸಾಕು? ಹಾಸನದಿಂದ ರೈಲಿನಲ್ಲಿ ತರಬಹುದೇ?
– ಓದುಗರು, ಆಲೂರು

ಮೊದಲು ಎರಡನೆಯದು: ರೈಲಿನಲ್ಲಿ ಪಟಾಕಿ ಒಯ್ಯುವುದು ಅಪರಾಧ, ಶಿಕ್ಷೆ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಬಸ್ಸಿನಲ್ಲೂ ಬೇಡ. ಸ್ವಂತ ಕಾರಿನಲ್ಲಾದರೆ ಡಿಕ್ಕಿಯಲ್ಲಿ, ಪೆಟ್ರೋಲ್ ಕ್ಯಾನು, ಜಾಕಿ, ಸ್ಪ್ಯಾನರ್ ಮುಂತಾದ ಉಜ್ಜುವ ಸಾಮಾನು ತೆಗೆದು, ಉರುಳದಂತೆ ಇಡಿ. ಗಾಡಿಯಲ್ಲಿ ಯಾರೂ ಬೀಡಿ ಸಿಗರೇಟು ಸೇದಬಾರದು.

ಪ್ರಮಾಣ. ನಾಲ್ಕು ಮಕ್ಕಳಿಗೆ ಮುಕ್ಕಾಲು ಗಂಟೆಯ ಆಟ ಸಾಕೆಂದು ಲೆಕ್ಕ ಹಾಕಿ. ಅದಕ್ಕಿಂತ ಹೆಚ್ಚಾದರೆ ಚಳಿಯಲ್ಲಿ ಗಮನ ತಪ್ಪುತ್ತದೆ, ಅನಾಹುತವಾಗುವುದು ಕೊನೆಯ ಹತ್ತು ನಿಮಿಷದಲ್ಲಿ. ಹತ್ತರ ಪೊಟ್ಟಣದ ಸುರ್‌ಸುರ್ ಬತ್ತಿ ನಾಲ್ಕು, ಭೂಚಕ್ರ ಹತ್ತು, ಹೂಕುಂಡ ಹತ್ತು, ಪೆನ್ಸಿಲ್ ಒಂದು ಪೊಟ್ಟಣ. ಬೇಕೇ ಬೇಕೆಂದರೆ ಲಕ್ಷ್ಮಿ ಪಟಾಕಿಯಂಥ ಸಣ್ಣ ಸದ್ದಿನದು ಒಂದು ಪೊಟ್ಟಣ. ಹಾವಿನ ಮಾತ್ರೆ ಬೇಡ. ಸದ್ದಿಲ್ಲ, ಬೆಂಕಿಯಿಲ್ಲ ಎಂದು ಅದನ್ನೇ ಪುಟ್ಟ ಮಕ್ಕಳಿಗೆ ಕೊಡುತ್ತಾರೆ, ಆದರೆ ಉಸಿರಿಗೆ ಹೋಗುವ ಸಣ್ಣ ಕಣಗಳಲ್ಲಿ ಅದು ಬೇರೆ ಪಟಾಕಿಗಳನ್ನು ಮೀರಿಸುತ್ತದೆ, ಮಕ್ಕಳು ಅದರ ಮೇಲೆ ಬಾಗಿಯೇ ನೋಡುತ್ತಾರೆ.

ಹಚ್ಚುವ ಕ್ರಮ: ಇಬ್ಬನಿಗೆ ಬೇಗ ಕೆಡುವ ಬತ್ತಿಯ ಪಟಾಕಿ ಮೊದಲು, ಸುರ್‌ಸುರ್ ಬತ್ತಿ ಕೊನೆಗೆ. ಮಕ್ಕಳಿಗೆ ಇದು ತಲೆಕೆಳಗು ಅನ್ನಿಸುತ್ತದೆ, ಆದರೆ ಕೊನೆಗೆ ಎಲ್ಲರ ಕೈಯಲ್ಲೂ ಏನಾದರೊಂದು ಇರುವುದರಿಂದ ಅಳು ಕಡಿಮೆ.

ಕೊಳ್ಳುವಾಗ ಪಟಾಕಿ ಮಳಿಗೆಗಳನ್ನೂ ಒಮ್ಮೆ ನೋಡಿ. ಹಬ್ಬದ ತಾತ್ಕಾಲಿಕ ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್ ಅಂತರ ಇರಬೇಕು, ಎದುರುಬದುರು ಇರಬಾರದು, ಅವುಗಳ 50 ಮೀಟರ್ ಒಳಗೆ ಪಟಾಕಿ ಹಚ್ಚಬಾರದು ಎಂಬುದು 2008ರ ಸ್ಫೋಟಕ ನಿಯಮ. ಮಾದರಿಗೆಂದು ಅಂಗಡಿಯ ಮುಂದೆಯೇ ಹಚ್ಚಿ ತೋರಿಸುವವರ ಬಳಿ ನಿಲ್ಲಬೇಡಿ.

ಹಚ್ಚಿದ ಬಾಂಬು ಸಿಡಿಯಲಿಲ್ಲ. ಎಷ್ಟು ಹೊತ್ತು ಕಾಯಬೇಕು?
– ವಿದ್ಯಾರ್ಥಿ, ಅರಸೀಕೆರೆ

ಅರ್ಧ ಗಂಟೆ. ಆಮೇಲೆ ದೂರದಿಂದ ನೀರು ಎರಚಿ, ಸಲಿಕೆಯಿಂದ ಎತ್ತಿ ನೀರಿನ ಬಕೆಟ್ಟಿಗೆ. ಮತ್ತೆ ಹಚ್ಚಬೇಡ. ಕಾಲಿನಿಂದ ಒದ್ದು ನೋಡಲೂ ಬೇಡ. ತೆಂಗಿನ ಚಿಪ್ಪು, ಡಬ್ಬ ಕವುಚಿ ಹಚ್ಚುವುದನ್ನೂ ನೀನು ಕೇಳಿದ್ದೀಯಲ್ಲ, ಚಿಪ್ಪಿನ ಚೂರು ಕಣ್ಣಿಗೆ ಬಡಿದರೆ ಹೊಲಿಯುವುದಕ್ಕೆ ಏನೂ ಉಳಿದಿರುವುದಿಲ್ಲ.

ಬೆಳಗ್ಗೆ ದೇವೀರಮ್ಮನ ಬೆಟ್ಟ ಹತ್ತಿ, ಸಂಜೆ ಮನೆಯಲ್ಲಿ ಪಟಾಕಿ ಎಂದು ಯೋಚಿಸಿದ್ದೇವೆ. ಬೆಟ್ಟಕ್ಕೂ ಸ್ವಲ್ಪ ಪಟಾಕಿ ಒಯ್ಯಬಹುದೇ?
– ಓದುಗರು, ಕಡೂರು

ಬೇಡ. ಮಲ್ಲೇನಹಳ್ಳಿ ಕಡೆಯಿಂದ ಹತ್ತುವ ಆ ದಾರಿ ಕಡಿದು, ಇಕ್ಕಟ್ಟು, ಇಕ್ಕೆಲದಲ್ಲೂ ಹುಲ್ಲು. ಸಾವಿರಾರು ಜನ ಒಬ್ಬರ ಹಿಂದೊಬ್ಬರು ಹತ್ತುತ್ತಾರೆ. ಅಲ್ಲಿ ಒಂದು ಪಟಾಕಿ ಸಿಡಿದರೆ ಹೆದರಿ ಹಿಂದೆ ಸರಿಯಲು ಜಾಗವಿಲ್ಲ. ಭಕ್ತರು ಒಯ್ಯುವುದು ಸೌದೆ, ತುಪ್ಪ, ಬಟ್ಟೆ. ಅಲ್ಲಿ ಹೊತ್ತಿಸುವ ಬೆಳಕಿಗೆ ಸುತ್ತಲಿನ ಊರಿನವರು ತಮ್ಮ ಅಂಗಳದಿಂದಲೇ ಕೈಮುಗಿಯುತ್ತಾರೆ.

ಹಿಂದಿನ ದಿನ ಮಳೆ ಬಂದಿದ್ದರೆ ಮಣ್ಣು ಸೋಪಿನ ಹಾಗೆ ಜಾರುತ್ತದೆ. ಹತ್ತುವುದಕ್ಕಿಂತ ಇಳಿಯುವಾಗ ಬೀಳುವವರು ಹೆಚ್ಚು. ಒಬ್ಬೊಬ್ಬರಿಗೆ ಒಂದು ಟಾರ್ಚು, ಒಂದು ಲೀಟರ್ ನೀರು, ಬೆಲ್ಲ ಅಥವಾ ಕಡ್ಲೆಮಿಠಾಯಿ. ತುಪ್ಪದ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ನೋಡಿ, ಚೆಲ್ಲಿದ ತುಪ್ಪದ ಮೇಲೆ ಹಿಂದಿನವರು ಜಾರುತ್ತಾರೆ. ಇಳಿದು ಬಂದ ದಿನ ಸಂಜೆಗೆ ಮೊಣಕಾಲು ನಡುಗುತ್ತಿರುತ್ತದೆ. ಅಂಥವರು ಪಟಾಕಿ ಹಚ್ಚುವ ಕೆಲಸ ಬೇರೆಯವರಿಗೆ ಬಿಡಲಿ.

ತೋಟದಲ್ಲಿ ಆನೆಗಳಿವೆ. ಹಬ್ಬದ ನೆಪದಲ್ಲಿ ಜೋರು ಪಟಾಕಿ ಸಿಡಿಸಿದರೆ ಅವೂ ಓಡುತ್ತವಲ್ಲ?
– ಓದುಗರು, ಬೇಲೂರು

ಓಡುತ್ತವೆ, ಎತ್ತ ಎಂದು ನೀವು ಹೇಳಲಾರಿರಿ. ಕತ್ತಲಲ್ಲಿ ಮರಿಯಿರುವ ಹಿಂಡು ಬೆದರಿದರೆ ಪಕ್ಕದ ಲೈನ್ ಮನೆಯ ಮೇಲೋ ಹಬ್ಬಕ್ಕೆಂದು ನಡೆದು ಬರುತ್ತಿರುವವರ ಮೇಲೋ ನುಗ್ಗಬಹುದು. ಮತ್ತೆ ಮತ್ತೆ ಕೇಳಿದ ಆನೆಗೆ ಪಟಾಕಿಯ ಹೆದರಿಕೆ ಹೋಗುತ್ತದೆ. ಅರಣ್ಯ ಇಲಾಖೆಯವರು ಅಟ್ಟುವಾಗ ಹಿಂಡು ಹೋಗಬೇಕಾದ ದಾರಿ ನೋಡಿಕೊಂಡು, ಉಳಿದ ಕಡೆ ಜನ ನಿಲ್ಲಿಸಿ ಸಿಡಿಸುತ್ತಾರೆ. ಹಿಂಡು ಹತ್ತಿರವಿದೆ ಎಂಬ ಸುದ್ದಿ ಇದ್ದ ದಿನ ಪಟಾಕಿಯೇ ಬೇಡ, ಇಲಾಖೆಗೆ ತಿಳಿಸಿ, ಅಂಗಳದ ದೀಪ ಉರಿಯಲಿ. ತೋಟದ ಮರದಲ್ಲಿ ಹೆಜ್ಜೇನಿದ್ದರೂ ಇದೇ ಮಾತು.

ಕೊಟ್ಟಿಗೆಯ ದನಗಳ ಬಗ್ಗೆಯೂ ಕೇಳಿದ್ದೀರಿ. ಬೆದರಿದ ಹಸು ಹಾಲು ಏರಿಸಿಕೊಳ್ಳುತ್ತದೆ, ಹಗ್ಗ ಜಗ್ಗಿ ಕುತ್ತಿಗೆಗೆ ಗಾಯ ಮಾಡಿಕೊಳ್ಳುತ್ತದೆ. ಬಲಿಪಾಡ್ಯಮಿಯ ದಿನ ಕೊಂಬಿಗೆ ಬಣ್ಣ ಬಳಿದು, ಹಾರ ಹಾಕಿ, ಪೂಜೆ ಮಾಡಿ, ಸಂಜೆ ಅದರ ಕಿವಿಯ ಹತ್ತಿರ ಬಾಂಬು ಹಚ್ಚುವುದು ಯಾವ ಲೆಕ್ಕ? ಆ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಮನೆಗೆ ಬರುವ ಊರಾದರೆ, ಅವರು ಬಂದು ಹೋಗುವವರೆಗೆ ಪಟಾಕಿ ನಿಲ್ಲಿಸಿ. ಅವರ ದೀಪಕ್ಕೆ ಎಣ್ಣೆ ಎರೆಯುವುದನ್ನು ಮಕ್ಕಳ ಕೈಯಲ್ಲೇ ಮಾಡಿಸಿ.

ಸುಟ್ಟರೆ ಮನೆಯಲ್ಲಿ ಕಾಫಿಪುಡಿ ಮೆತ್ತುತ್ತಾರೆ. ಸರಿಯೇ? ಆಸ್ಪತ್ರೆ ನಮ್ಮಿಂದ ಒಂದು ಗಂಟೆ ದೂರ.
– ಓದುಗರು, ಕಳಸ

ಕಾಫಿಪುಡಿ, ಅರಿಶಿನ, ಟೂತ್‌ಪೇಸ್ಟ್, ಶಾಯಿ, ತುಪ್ಪ ಯಾವುದೂ ಬೇಡ. ಅವು ಕಾವನ್ನು ಒಳಗೇ ಹಿಡಿದಿಡುತ್ತವೆ, ನಂಜು ತರುತ್ತವೆ. ಆಸ್ಪತ್ರೆಯಲ್ಲಿ ಅದನ್ನು ಕೆರೆದು ತೆಗೆಯಬೇಕು, ಆ ನೋವು ಸುಟ್ಟದ್ದಕ್ಕಿಂತ ಹೆಚ್ಚು.

ಹರಿಯುವ ತಣ್ಣೀರಿನ ಕೆಳಗೆ ಗಡಿಯಾರ ನೋಡಿ 20 ನಿಮಿಷ ಹಿಡಿಯಿರಿ. ಎರಡು ನಿಮಿಷಕ್ಕೆ ‘ಉರಿ ಕಡಿಮೆಯಾಯಿತು’ ಎಂದು ಬಿಡುವುದೇ ಸಾಮಾನ್ಯ ತಪ್ಪು, ಚರ್ಮದ ಅಡಿಯಲ್ಲಿ ಕಾವು ಇಳಿದಿರುವುದಿಲ್ಲ. ಐಸ್ ಹಚ್ಚಬೇಡಿ. ಮಲೆನಾಡಿನ ರಾತ್ರಿಯ ನೀರು ಮೊದಲೇ ಕೊರೆಯುತ್ತದೆ. ಚಿಕ್ಕ ಮಗುವಾದರೆ ಸುಟ್ಟ ಭಾಗಕ್ಕೆ ಮಾತ್ರ ನೀರು, ಉಳಿದ ಮೈಗೆ ಕಂಬಳಿ. ಊತ ಬರುವ ಮೊದಲೇ ಉಂಗುರ, ಬಳೆ, ಉಡಿದಾರ, ಗೆಜ್ಜೆ ತೆಗೆಯಿರಿ. ಬಟ್ಟೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಸುತ್ತಲಿನದನ್ನು ಕತ್ತರಿಸಿ. ಬೊಕ್ಕೆ ಒಡೆಯಬೇಡಿ. ಒಗೆದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ. ಗಾಯ ಆ ವ್ಯಕ್ತಿಯ ಅಂಗೈಗಿಂತ ದೊಡ್ಡದಿದ್ದರೆ, ಅಥವಾ ಮುಖ, ಕೈ, ಪಾದ, ಕೀಲು, ಗುಪ್ತಾಂಗದ ಮೇಲಿದ್ದರೆ ಚಿಕ್ಕದಾದರೂ ಆಸ್ಪತ್ರೆಗೆ. ಟಿ.ಟಿ. ಚುಚ್ಚುಮದ್ದಿನ ಬಗ್ಗೆ ಕೇಳಿ.

ಕಣ್ಣಿನ ವಿಷಯ ಬೇರೆ. ಬರೀ ಮದ್ದಿನ ಪುಡಿ, ಬೂದಿ ಬಿದ್ದಿದ್ದರೆ ಶುದ್ಧ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಏಟು ಬಿದ್ದಿದ್ದರೆ, ರಕ್ತ ಕಂಡರೆ, ಚೂರು ಚುಚ್ಚಿದ್ದರೆ ತೊಳೆಯಬೇಡಿ, ಉಜ್ಜಬೇಡಿ, ಒತ್ತಿ ಕಟ್ಟಬೇಡಿ. ಕಾಗದದ ಲೋಟದ ಬುಡ ಕತ್ತರಿಸಿ ಕಣ್ಣಿಗೆ ತಾಗದಂತೆ ಕವುಚಿ, ಟೇಪು ಹಾಕಿ ನೇರ ಕಣ್ಣಿನ ವೈದ್ಯರ ಬಳಿಗೆ.

ಒಂದು ಗಂಟೆ ದೂರ ಎಂದಿರಿ. ಹಬ್ಬದ ರಾತ್ರಿ ಯಾರ ಗಾಡಿ, ಯಾರು ಓಡಿಸುವವರು, ಅವರು ಕುಡಿದಿಲ್ಲವೇ ಎಂಬುದನ್ನು ಸಂಜೆಯೇ ತೀರ್ಮಾನಿಸಿ. 108ಕ್ಕೆ ಕರೆ ಮಾಡಲು ಮನೆಯ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂದು ನೆಂಟರಿಗೂ ತೋರಿಸಿರಿ.

ಅಪ್ಪನಿಗೆ ಉಬ್ಬಸ. ಊರು ಹಳ್ಳದಲ್ಲಿದೆ, ಬೆಳಗಾದರೂ ಹೊಗೆ ಹೋಗುವುದಿಲ್ಲ.
– ಓದುಗರು, ಕೊಪ್ಪ

ಮೇಲೆ ಹೇಳಿದ ತಂಪು ಗಾಳಿಯೇ ಕಾರಣ. ಅದು ತಗ್ಗಿನಲ್ಲಿ ಕೆರೆಯ ಹಾಗೆ ನಿಲ್ಲುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಬಿಸಿಲೇರಿ ನೆಲ ಕಾಯುವವರೆಗೆ ಹೊಗೆ ಕದಲುವುದಿಲ್ಲ. ಸಂಜೆ ಏಳಕ್ಕೇ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ಇಡಿ. ಬೆಳಗ್ಗೆ ಬಿಸಿಲು ಬಂದು ಮಂಜು ಕರಗಿದ ಮೇಲಷ್ಟೇ ತೆರೆಯಿರಿ, ಮುಂಜಾನೆಯ ನಡಿಗೆ ಮೂರು ದಿನ ಬೇಡ. ಇನ್‌ಹೇಲರಿನಲ್ಲಿ ಮದ್ದು ಎಷ್ಟು ಉಳಿದಿದೆ ಎಂದು ಹಬ್ಬದ ಮೊದಲೇ ನೋಡಿ, ರಜೆಯಲ್ಲಿ ಔಷಧಿ ಅಂಗಡಿ ತೆರೆದಿರುವುದಿಲ್ಲ. ಹೊರಗೆ ಹೋಗಲೇಬೇಕಾದರೆ ಎನ್-95 ಮಾಸ್ಕ್; ಕರವಸ್ತ್ರ ಈ ಕಣಗಳನ್ನು ತಡೆಯುವುದಿಲ್ಲ.

ಆಗಸ್ಟ್ 15, ನವೆಂಬರ್ 1ರಂದು ಮನೆ ಮೇಲೆ ಬಾವುಟ ಹಾರಿಸಿ ಪಟಾಕಿ ಹಚ್ಚಬಹುದೇ? ಸ್ವಾತಂತ್ರ್ಯ ದಿನದ ಮಳೆಗೆ ಬಾವುಟ ಏನಾಗುತ್ತದೆ?
– ಓದುಗರು, ಶೃಂಗೇರಿ

ಬಾವುಟಕ್ಕೆ ಅಡ್ಡಿಯಿಲ್ಲ. ಉದ್ದ–ಅಗಲ 3:2, ಮನೆಗೆ 900×600 ಮಿಲಿಮೀಟರ್ ಅಳತೆಯದು ಸಾಕು. ಧ್ವಜ ಸಂಹಿತೆಯ 2022ರ ಜುಲೈ ತಿದ್ದುಪಡಿಯ ನಂತರ ಮನೆಯ ಮೇಲೆ ಹಗಲು ರಾತ್ರಿ ಹಾರಿಸಬಹುದು. ಆದರೂ ಶೃಂಗೇರಿಯ ಆಗಸ್ಟ್ ಮಳೆಯಲ್ಲಿ ರಾತ್ರಿ ಬಿಡುವುದು ಜಾಣತನವಲ್ಲ. ನೆನೆದ ಖಾದಿ ಭಾರವಾಗಿ ಕಂಬಕ್ಕೆ ಸುತ್ತಿಕೊಳ್ಳುತ್ತದೆ, ಗಾಳಿಗೆ ಅಂಚು ಹರಿಯುತ್ತದೆ, ಹರಿದ ಬಾವುಟ ಹಾರಿಸುವಂತಿಲ್ಲ. 2021ರ ಡಿಸೆಂಬರ್ ತಿದ್ದುಪಡಿಯಲ್ಲಿ ಪಾಲಿಯೆಸ್ಟರಿಗೂ ಅನುಮತಿ ಸಿಕ್ಕಿದೆ, ಮಳೆಯ ಊರಿಗೆ ಅದು ಬೇಗ ಒಣಗುತ್ತದೆ. ಹುಬ್ಬಳ್ಳಿ ಬೆಂಗೇರಿಯ ಖಾದಿ ಬಾವುಟ ಇದ್ದರೆ ಮಳೆ ಬಿಟ್ಟ ಹೊತ್ತಿನಲ್ಲಿ ಏರಿಸಿ, ಸಂಜೆ ಇಳಿಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ ಮಡಚಿ. ಒದ್ದೆ ಮಡಚಿದರೆ ಬೂಸ್ಟು ಹಿಡಿಯುತ್ತದೆ. ರಾಜ್ಯೋತ್ಸವದಂದು ಕೆಂಪು–ಹಳದಿ ಬಾವುಟವೂ ಇದ್ದರೆ ಅದು ರಾಷ್ಟ್ರಧ್ವಜಕ್ಕಿಂತ ಮೇಲೆ ಇರಬಾರದು, ಸರಿಸಮವಾಗಿ ಪಕ್ಕದಲ್ಲೂ ಇರಬಾರದು.

ಪಟಾಕಿಗೆ ರಾತ್ರಿ 8ರಿಂದ 10ರ ಮಿತಿಯನ್ನೇ ಪಾಲಿಸಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ 100 ಮೀಟರ್ ಒಳಗೆ ಯಾವಾಗಲೂ ಬೇಡ. ಬಾವುಟದ ಕಂಬದ ಹತ್ತಿರವಂತೂ ಹಚ್ಚಲೇಬೇಡಿ, ಪಾಲಿಯೆಸ್ಟರ್ ಒಂದು ಕಿಡಿಗೆ ತೂತಾಗುತ್ತದೆ. ಆಗಸ್ಟಿನಲ್ಲಿ ಮಳೆ ಬಂತೆಂದು ಪೋರ್ಟಿಕೋದೊಳಗೆ, ಸೂರಿನ ಕೆಳಗೆ ಹೂಕುಂಡ ಇಡುವವರಿದ್ದಾರೆ. ಅದರ ಉರಿ ಹತ್ತು ಅಡಿ ಏರುತ್ತದೆ, ನಿಮ್ಮ ಸೂರು ಒಂಬತ್ತು ಅಡಿಯಲ್ಲಿದೆ.